ನನಗೊಬ್ಬ ಜಾಮೀನುದಾರ ಬೇಕಾಗಿದ್ದಾಗ

ನನ್ನನ್ನು ಸಾಕುವಷ್ಟು ಸಂಪಾದನೆ ನನ್ನ ಹೆಂಡತಿಗೆ ಇಲ್ಲ ಎಂಬ ಸುದ್ದಿ ಅಮೆರಿಕದಿಂದ ಬಂದಾಗ ನಾನು ಹುಮನಾಬಾದ್ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದೆ. ಅಂಗಡಿಯವನದು ಪಹಣಿ ತೆಗೆದುಕೊಡುವುದು, ರೇಷನ್ ಕಾರ್ಡ್ ತಿದ್ದುವುದು, ಹುಡುಗರ ಪರೀಕ್ಷೆಯ ಅರ್ಜಿ ತುಂಬುವುದು, ಇಂಥ ಕೆಲಸ. ನನ್ನ ವೀಸಾ ಅವನಿಗೂ ಹೊಸದು. ಪರದೆಯ ಮೇಲಿನ ಇಂಗ್ಲಿಷನ್ನು ಬೆರಳಿಟ್ಟು ಓದಿ, ನನ್ನ ಮುಖ ನೋಡದೆಯೇ ಹೇಳಿದ:

“ಡಾಕ್ಟ್ರೇ, ನಿಮ್ಮ ಮನಿಯವ್ರ ಪಗಾರ ಸಾಲಂಗಿಲ್ಲಂತ್ರಿ.”

“ಯಾತಕ್ಕ ಸಾಲಂಗಿಲ್ಲಂತ?”

“ನಿಮಗ ಸಾಕಾಕ.”

ಹಿಂದೆ ಸರತಿಯಲ್ಲಿ ನಿಂತವರು ನಕ್ಕರು. ನನಗೂ ನಗು ಬಂತು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಐವತ್ತು ದಾಟಿದ ಗಂಡಸನ್ನು ಸಾಕಲು ಎಷ್ಟು ಬೇಕು ಎಂದು ಯಾರೋ ಎಲ್ಲೋ ಕುಳಿತು ಲೆಕ್ಕ ಹಾಕಿದ್ದಾರೆ ಎಂಬ ವಿಷಯ ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ನಾನು ಹುಟ್ಟಿದ್ದು ಘಾಟಬೋರಾಳದಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಣ್ಣ ಈಗಲೂ ಕುರಿಗಳ ಹಿಂದೆಯೇ ಇದ್ದಾನೆ. ನಾನು ಶಾಲೆಯ ದಾರಿ ಹಿಡಿದು ಪಶು ಇಲಾಖೆ ಸೇರಿದೆ. ದನಗಳ ಡಾಕ್ಟರಲ್ಲ, ಅವರ ಕೈಕೆಳಗಿನ ಪರೀಕ್ಷಕ. ಆದರೆ ನಮ್ಮ ಕಡೆ ಸೂಜಿ ಹಿಡಿದು ಕೊಟ್ಟಿಗೆಗೆ ಬಂದವರೆಲ್ಲ ಡಾಕ್ಟರೇ. ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮದುವೆಯಾಗಿ ಬೀದರಿನಲ್ಲಿದ್ದಾಳೆ. ಹುಮನಾಬಾದಿನ ಮನೆಯನ್ನು ಅವಳ ಹೆಸರಿಗೆ ಮಾಡಿಕೊಟ್ಟು, ಅದೇ ಮನೆಯಲ್ಲಿ ಒಬ್ಬನೇ ಅಡುಗೆ ಮಾಡಿಕೊಂಡು, ಕೆಲಸಕ್ಕೆ ದಿನವೂ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗಿ ಬರುತ್ತಿದ್ದೆ.

ಈಗಿನ ಹೆಂಡತಿಯನ್ನು ಕಂಡದ್ದು ಬಸವಕಲ್ಯಾಣದಲ್ಲೇ, ಒಂದು ಎಮ್ಮೆಯ ದೆಸೆಯಿಂದ. ಕೋಟೆಯ ಕಡೆಯ ಓಣಿಯೊಂದರಲ್ಲಿ ಮುದುಕಿಯೊಬ್ಬರು ಹಾಸಿಗೆ ಹಿಡಿದಿದ್ದರು. ಅವರ ಎಮ್ಮೆ ಬೇರೆ ಯಾರು ಕುಳಿತರೂ ಹಾಲು ಇಳಿಸುತ್ತಿರಲಿಲ್ಲ. ತಾಯಿಯ ಆರೈಕೆಗೆಂದು ಅಮೆರಿಕದಿಂದ ಬಂದಿದ್ದ ಮಗಳು ದವಾಖಾನೆಗೆ ಬಂದು ನನ್ನನ್ನು ಕರೆದೊಯ್ದಳು. ನಾನು ಕೆಚ್ಚಲು ಮುಟ್ಟಿ ನೋಡಿದೆ, ಜ್ವರ ನೋಡಿದೆ.

“ಏನಾಗ್ಯಾದ್ರೀ ಇದಕ್ಕ?” ಎಂದಳು.

“ಏನೂ ಆಗಿಲ್ರಿ. ಇದಕ್ಕ ನಿಮ್ಮವ್ವ ಬೇಕಾಗ್ಯಾರ. ಅವರ ಸೀರಿ ಉಟ್ಕೊಂಡು ಕುಂದರ್ರಿ, ನೋಡಮು.”

“ಸೀರಿ ನೋಡಿ ಮೋಸ ಹೋಗ್ತದೇನ್ರೀ ಎಮ್ಮಿ?”

“ಮೋಸ ಹೋಗಲ್ರಿ. ವಾಸನಿ ಹಿಡೀತದ. ಮನಿಯವ್ರೇ ಬಂದಾರ ಅಂತ ಸಮಾಧಾನ ಆಗ್ತದ.”

ಅವಳು ಒಳಗೆ ಹೋಗಿ ತಾಯಿಯ ಹಳೆಯ ಸೀರೆಯನ್ನು ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು ಬಂದಳು. ಎಮ್ಮೆ ಮೂಸಿತು, ಕತ್ತು ತಿರುಗಿಸಿ ಒಮ್ಮೆ ನೋಡಿತು, ಅರ್ಧ ಚರಿಗೆ ಹಾಲು ಕೊಟ್ಟಿತು. ಇನ್ನರ್ಧ ಕೊಡಲು ಅದಕ್ಕೆ ಒಂದು ವಾರ ಬೇಕಾಯಿತು. ಆ ವಾರವೆಲ್ಲ ನಾನು ಹೋಗಿ ಬಂದೆ. ಆಮೇಲೆ ಎಮ್ಮೆಯ ನೆಪ ಬೇಕಾಗಲಿಲ್ಲ.

ಮೊದಲ ಮದುವೆಯಾಗಿ ಗಂಡನೊಂದಿಗೆ ಅಮೆರಿಕಕ್ಕೆ ಹೋದವಳು ಅವಳು. ಆ ಮದುವೆ ಮುರಿದರೂ ಅಲ್ಲಿಯೇ ಉಳಿದು, ಅಲ್ಲಿಯ ಪ್ರಜೆಯೂ ಆಗಿದ್ದಳು. ಒಂದು ಸಣ್ಣ ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನಮ್ಮಲ್ಲಿಯ ಬಿಸಿಯೂಟದಂತೆಯೇ ಅಲ್ಲಿಯೂ ಮಕ್ಕಳಿಗೆ ಶಾಲೆಯಲ್ಲೇ ಊಟ ಎಂಬುದು ನನಗೆ ಅವಳಿಂದಲೇ ಗೊತ್ತಾದದ್ದು. ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಅವಳು ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಒಳಗಿನ ಕೋಣೆಯಿಂದ ಅವಳ ತಾಯಿ, “ಏನ್ ಮಾತಾಡ್ತೀರೋ ಏನೋ, ಇಬ್ಬರೂ ಮುಗಿಸಂಗಿಲ್ಲ ನೋಡು,” ಎನ್ನುತ್ತಿದ್ದರು. ಆ ಮಳೆಗಾಲ ಮುಗಿಯುವ ಹೊತ್ತಿಗೆ ತಾಯಿ ಹೋದರು. ಹೋಗುವ ಮುಂಚೆ ನಮ್ಮಿಬ್ಬರ ವಿಷಯ ಅವರಿಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ. ಬಸವಕಲ್ಯಾಣದ ನೋಂದಣಿ ಕಚೇರಿಯಲ್ಲಿ ನಮ್ಮ ಮದುವೆಯಾಯಿತು. ನನ್ನ ಅಣ್ಣ ಮತ್ತು ಮಗಳು ಸಾಕ್ಷಿ ಹಾಕಿದರು. ಅವಳು ಮರಳಿ ಹೋಗಿ ನನ್ನ ಪರವಾಗಿ ಅರ್ಜಿ ಹಾಕಿದಳು. ಮೊದಲ ಹಂತ ದಾಟಲು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ.

ಎರಡನೆಯ ಹಂತದಲ್ಲಿ ಬಂದದ್ದೇ ಈ ಸಾಕುವ ಪ್ರಶ್ನೆ. ನಿಯಮ ತೀರ ಸರಳ. ನಾನು ಅಲ್ಲಿಯ ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುತ್ತೇನೆಂದು ಹೆಂಡತಿ ಸಹಿ ಹಾಕಬೇಕು. ಹಾಗೆ ನೋಡಿಕೊಳ್ಳುವಷ್ಟು ಆದಾಯ ತನಗಿದೆ ಎಂದು ತೋರಿಸಬೇಕು. ಅವಳ ಶಾಲೆ ತೆರೆದಿದ್ದಾಗ ಮಾತ್ರ ಸಂಬಳ ಕೊಡುತ್ತದೆ, ಬೇಸಿಗೆ ರಜೆಗೆ ಇಲ್ಲ. ಜೊತೆಗೆ ಅವರು ಕೇಳಿದ್ದ ತೆರಿಗೆ ಕಾಗದ ಅವಳು ತಾಯಿಯ ಬಳಿ ಇದ್ದ ವರ್ಷದ್ದು. ನಾವಿಬ್ಬರೂ ಭೇಟಿಯಾದ ತಿಂಗಳುಗಳೆಲ್ಲ ಆ ಕಾಗದದಲ್ಲಿ ಖಾಲಿ. ನನ್ನ ಪಿಂಚಣಿಯನ್ನೂ ಸೇರಿಸಬಹುದಿತ್ತು. ಸೇರಿಸಿದೆವು. ನಮ್ಮ ಕಡೆ ಒಬ್ಬನಿಗೆ ಹೊಟ್ಟೆ ತುಂಬಿಸಿ ಉಳಿಯುವ ಆ ಪಿಂಚಣಿ ಡಾಲರಾಗಿ ಬದಲಾದಾಗ ಒಂದು ಮೂಲೆ ಮಾತ್ರ ತುಂಬಿತು.

ಸಂಪಾದನೆ ಸಾಲದಿದ್ದರೆ ಎರಡು ದಾರಿ ಎಂದು ಅಂಗಡಿಯವ ಓದಿ ಹೇಳಿದ. ಒಂದು, ಆಸ್ತಿ ತೋರಿಸುವುದು. ಇನ್ನೊಂದು, ಅಲ್ಲಿ ನೆಲೆಸಿರುವ ಬೇರೆ ಯಾರಾದರೂ ಹೆಂಡತಿಯ ಜೊತೆಗೆ ತಾವೂ ಸಹಿ ಹಾಕುವುದು. ಅವನು ಅದಕ್ಕೆ ‘ಪ್ರಾಯೋಜಕ’ ಎಂಬ ಪದವನ್ನು ಮೊಬೈಲಿನಿಂದ ಹುಡುಕಿ ತೆಗೆದ. ಆ ಪದ ನಮ್ಮಲ್ಲಿ ಯಾರಿಗೂ ತಲೆಗೆ ಹೋಗಲಿಲ್ಲ. ‘ಜಾಮೀನು’ ಎಂದಕೂಡಲೇ ಎಲ್ಲರಿಗೂ ಅರ್ಥವಾಯಿತು.

ಮೊದಲು ಆಸ್ತಿಯ ದಾರಿ ನೋಡೋಣವೆಂದು ಘಾಟಬೋರಾಳಕ್ಕೆ ಹೋದೆ. ಅಣ್ಣ ತೊಗರಿ ಕಿತ್ತ ಹೊಲದಲ್ಲಿ ಕುರಿ ನಿಲ್ಲಿಸಿದ್ದ. ಅತ್ತಿಗೆ ಬುತ್ತಿ ತಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಉಣ್ಣುತ್ತಲೇ ವಿಷಯ ಹೇಳಿದೆ.

“ಹೆಂಡ್ತಿ ಗಂಡಗ ಜಾಮೀನು ಹಾಕೋದು ಇದೇ ಮೊದಲ ಕೇಳಿದ್ದು ನೋಡ್ರಿ,” ಎಂದಳು ಅತ್ತಿಗೆ. “ಹೊಲ ತೋರಿಸಿದ್ರ ಅವ್ರು ಒಯ್ತಾರೇನ್ರೀ?”

“ಒಯ್ಯಂಗಿಲ್ಲ ವೈನಿ. ಅದ ಅಂತ ತೋರಿಸಬೇಕು, ಅಷ್ಟೇ. ಜರೂರ್ ಬಿದ್ರ ಮಾರಿ ರೊಕ್ಕ ಮಾಡ್ಲಾಕ ಬರಬೇಕು.”

ಅಣ್ಣ ರೊಟ್ಟಿ ಮುರಿಯುತ್ತ ಕುರಿಗಳ ಕಡೆ ನೋಡಿದ. “ಕುರಿ ನಡಿತಾವೇನು? ಹೊಲಕ್ಕಿಂತ ಲಗೂ ಮಾರ್ತಾವ.”

ಈ ಪ್ರಶ್ನೆ ನನಗೂ ಹೊಳೆದಿತ್ತು. ಬ್ಯಾಂಕಿನ ಸಾಲಕ್ಕೆ, ವಿಮೆಗೆ ಎಷ್ಟೋ ಜಾನುವಾರುಗಳ ಹಲ್ಲು ನೋಡಿ, ಕಿವಿಗೆ ಬಿಲ್ಲೆ ಹೊಡೆದು, ಬೆಲೆ ಬರೆದುಕೊಟ್ಟವನು ನಾನು. ಆದರೆ ನಮ್ಮದೇ ಹಿಂಡಿಗೆ ಬೆಲೆ ಬರೆದು ಅಮೆರಿಕಕ್ಕೆ ಕಳಿಸುವುದು ಹೇಗೆ? ಅಲ್ಲಿಯ ಅಧಿಕಾರಿ ಅದನ್ನು ಓದಿ ಏನು ತಿಳಿದುಕೊಂಡಾನು?

“ಕುರಿ ನಿನ್ನವು ಅಣ್ಣ. ನನ್ನವು ಅಂತ ಹ್ಯಾಂಗ ಬರೀಲಿ?”

“ಬರದ್ರ ಕುರಿ ಏನು ಬ್ಯಾಡ ಅಂತಾವೇನು?” ಎಂದು ನಕ್ಕ. ಆಮೇಲೆ ತಾನೇ ತಲೆ ಅಲ್ಲಾಡಿಸಿದ. “ಬ್ಯಾಡ ತಮ್ಮಾ. ಕುರಿ ಇವತ್ತ ಇರ್ತಾವ, ನಾಳಿ ನೀಲಿ ನಾಲಿಗಿ ರೋಗ ಬಂದ್ರ ಇಲ್ಲ. ಇವನ್ನ ನಂಬಿ ಅವ್ರು ನಿನಗ ಒಳಗ ಬಿಡ್ತಾರೇನು? ಹೊಲ ವಾಟ್ನಿ ಮಾಡಮು. ನಿನ್ನ ಪಾಲು ನಿನ್ನ ಹೆಸರಿಗಿ ಬರಲಿ.”

ಹೊಲ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಪಾಲು ಮಾಡಬೇಕೆಂದು ನಮಗಿಬ್ಬರಿಗೂ ಎಂದೂ ಅನ್ನಿಸಿರಲಿಲ್ಲ. ಅಣ್ಣ ಅಷ್ಟು ಸರಾಗವಾಗಿ ಹೇಳಿದ್ದು ಕೇಳಿ ನಾನು ಅವನ ಮುಖ ನೋಡಿದೆ.

“ಬ್ಯಾಸರ ಆಗಂಗಿಲ್ಲೇನು ನಿನಗ?”

“ಆಗ್ತದ,” ಎಂದ. “ಆದ್ರ ಮಾಡಮು.”

ಅವನು ಬೇಸರವಿಲ್ಲ ಎಂದಿದ್ದರೆ ನಾನು ಪಾಲಿಗೆ ಒಪ್ಪುತ್ತಿದ್ದೆನೋ ಏನೋ. ಆಗ್ತದ ಎಂದು ನೇರವಾಗಿ ಹೇಳಿದ್ದರಿಂದ ಪಾಲು ಬೇಡವೆನ್ನಿಸಿತು. ಹೊಲಕ್ಕೆ ಗಿರಾಕಿ ಬೇಗ ಸಿಗುವುದು ಕಷ್ಟ, ಅವರು ಒಪ್ಪಲಿಕ್ಕಿಲ್ಲ ಎಂದು ಕಾರಣ ಹೇಳಿ ಎದ್ದೆ. ಆ ಕಾರಣವೂ ನಿಜವೇ ಆಗಿತ್ತು.

ಉಳಿದದ್ದು ಜಾಮೀನುದಾರರ ದಾರಿ. ಯಾರನ್ನೂ ಕೇಳಲು ನನ್ನ ಹೆಂಡತಿಗೆ ಬಾಯಿ ಬರುತ್ತಿರಲಿಲ್ಲ. ಕೊನೆಗೆ ಅವಳು ಓದಿದ ಶಾಲೆಯ ಗೆಳತಿಯೊಬ್ಬಳ ನೆನಪಾಯಿತು. ಬಸವಕಲ್ಯಾಣದವಳೇ. ಈಗ ಅಮೆರಿಕದಲ್ಲೇ ಬೇರೆ ರಾಜ್ಯದಲ್ಲಿ ಗಂಡ ಮಕ್ಕಳೊಂದಿಗೆ ಇದ್ದಾಳೆ, ಕಿರಾಣಿ ಅಂಗಡಿ ನಡೆಸುತ್ತಾರೆ. ಎಷ್ಟೋ ವರ್ಷಗಳಿಂದ ಇಬ್ಬರ ನಡುವೆ ಹಬ್ಬದ ಶುಭಾಶಯದ ಸಂದೇಶ ಬಿಟ್ಟರೆ ಮಾತಿರಲಿಲ್ಲ. ಹೆಂಡತಿ ಅಳುಕುತ್ತಲೇ ಫೋನ್ ಮಾಡಿದಳಂತೆ. ಗೆಳತಿ ಎರಡು ಮಾತಿಲ್ಲದೆ ಒಪ್ಪಿದಳು. “ಒಂದ್ ಮಾತು ಅಪ್ಪಗ ಕೇಳ್ತೀನಿ,” ಎಂದಷ್ಟೇ ಸೇರಿಸಿದಳು.

ಅಪ್ಪ ಎಂದರೆ ಬಸವಕಲ್ಯಾಣದ ಪೇಟೆಯಲ್ಲಿ ಬಟ್ಟೆ ಅಂಗಡಿಯ ಸಾವುಕಾರರು. ಎಂಬತ್ತರ ಹತ್ತಿರದ ವಯಸ್ಸು. ಗಂಡುಮಕ್ಕಳು ವ್ಯಾಪಾರ ನೋಡಿಕೊಂಡರೂ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಬಂದು ಗಾದಿಯ ಮೇಲೆ ಕೂರುವವರು. ಮಗಳು ಫೋನಿನಲ್ಲಿ ಹೇಳಿದ್ದು ಕೇಳಿ, “ಯಾರಿಗಿ ಜಾಮೀನು ಹಾಕ್ತಿ, ಆ ಮನುಷ್ಯಾಗ ಮೊದಲ ನಾ ನೋಡಬೇಕು,” ಎಂದರಂತೆ.

ಹೋದೆ. ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ. ಇಬ್ಬರು ಮಕ್ಕಳು ಸೀರೆಗಳನ್ನು ಬಿಚ್ಚಿ ಹಾಸುತ್ತಿದ್ದರು. ಸಾವುಕಾರರು ಗೋಡೆಗೆ ಒರಗಿ ಕುಳಿತು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಬರ್ರಿ ಡಾಕ್ಟ್ರೇ, ಕುಂದರ್ರಿ. ಚಾ ಕುಡೀತೀರಲ್ಲ? ಶುಗರ್ ಅದ ಏನು?”

“ಇಲ್ರಿ ಸಾವ್ಕಾರ್ರೇ.”

“ಬಿ.ಪಿ.?”

“ಸ್ವಲ್ಪ ಅದ್ರಿ. ಗುಳಗಿ ತಗೋತೀನಿ.”

“ದಾರು?”

“ಇಲ್ರಿ.”

“ಇಂಗ್ಲಿಷ್?”

“ಅದೂ ಸ್ವಲ್ಪರಿ.”

ಕುದುರೆಯ ಹಲ್ಲು ನೋಡಿದಂತೆ ಇತ್ತು. ಆದರೆ ಕೆಡುಕಿನಿಂದ ಕೇಳುತ್ತಿರಲಿಲ್ಲ. ಅವರ ಕಣ್ಣಲ್ಲಿ ಪರೀಕ್ಷಿಸುವವರ ಬಿಗುವಿಗಿಂತ ಹೊಸದೇನೋ ತಿಳಿಯಬೇಕೆಂಬ ಆಸೆ ಕಾಣುತ್ತಿತ್ತು. ನನ್ನ ಜಾತಿಯವರೇ ಇವರು ಎನ್ನಿಸಿತು. ಕೇಳುವ ಜಾತಿ.

ಕರಾರು ಏನೇನಿದೆ ಎಂದು ಹೇಳಿ ಎಂದರು. ನಾನು ತಿಳಿದಷ್ಟನ್ನು ಹೇಳಿದೆ. ಸಹಿ ಹಾಕಿದವರು ನನ್ನ ಹೊಣೆ ಹೊರಬೇಕು. ನಾನು ಅಲ್ಲಿಯ ಪ್ರಜೆಯಾಗುವ ತನಕ, ಇಲ್ಲವೇ ಹತ್ತು ವರ್ಷದಷ್ಟು ದುಡಿಯುವ ತನಕ, ಇಲ್ಲವೇ ದೇಶ ಬಿಟ್ಟು ಬರುವ ಅಥವಾ ಸಾಯುವ ತನಕ.

“ನಡುವ ಸೋಡಚೀಟಿ ಆದ್ರ? ನೀವಿಬ್ಬರೂ ಬ್ಯಾರೆ ಆದ್ರ?”

“ಆದ್ರೂ ಜಾಮೀನು ಮುಗಿಯಂಗಿಲ್ರಿ.”

“ಆಂ?”

“ಮದುವಿ ಮುರೀತದ್ರಿ, ಜಾಮೀನು ಉಳೀತದ.”

ಸಾವುಕಾರರು ತೊಡೆ ತಟ್ಟಿಕೊಂಡರು. “ಏ, ಕೇಳಿದ್ರೇನ್ರೋ! ಇದು ಮದುವಿಗಿಂತ ಗಟ್ಟಿ ಆತಲ್ಲೋ!”

ಮಕ್ಕಳು ಸೀರೆ ಬಿಟ್ಟು ತಿರುಗಿದರು. ಸೆರಗಿನ ಅಂಚು ನೋಡುತ್ತಿದ್ದ ಗಿರಾಕಿ ಹೆಂಗಸೊಬ್ಬಳು, “ಏನ್ರಿ ಅದು?” ಎಂದು ಕೇಳಿದಳು. ಸಾವುಕಾರರು ಅವಳಿಗೆ ಮೊದಲಿನಿಂದ ಹೇಳಿದರು, ನಾನು ಹೇಳಿದ್ದಕ್ಕಿಂತ ಚೆನ್ನಾಗಿಯೇ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಹೆಂಗಸ ಗಳಿಸಿ ಗಂಡಗ ಕರಸ್ಕೊಳ್ಳಾಕತ್ತಾಳ? ಛಲೋ ಆತು ಬಿಡ್ರಿ,” ಎಂದು ಮತ್ತೆ ಸೀರೆಗೆ ಕೈ ಹಾಕಿದಳು.

ಗಲಾಟೆ ಇಳಿದ ಮೇಲೆ ಸಾವುಕಾರರು ದನಿ ತಗ್ಗಿಸಿದರು.

“ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ವಯಸ್ಸಿನಾಗ ಯಾಕ ಹೊಂಟೀರಿ?”

ಆವರೆಗೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ತುಂಬಿದ್ದೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಆಕಿ ಜೋಡಿ ಇರಬೇಕನಸ್ತದ್ರಿ.”

“ದಿನಾ ಫೋನಿನ್ಯಾಗ ಮಾತಾಡ್ತೀರಂತಲ್ಲ?”

“ಮಾತಾಡ್ತೀವ್ರಿ. ಆದ್ರ ಫೋನಿನ್ಯಾಗ ಇಬ್ಬರೂ ಸುಮ್ನ ಕುಂದ್ರಾಕ ಬರಂಗಿಲ್ಲಲ್ರಿ.”

ಅವರು ಚಹಾದ ಕಪ್ಪು ಬದಿಗಿಟ್ಟರು. “ಮತ್ತ ಬರ್ರಿ. ವಿಚಾರ ಮಾಡ್ತೀನಿ,” ಎಂದರು.

ಆಮೇಲೆ ಅವರೇ ಫೋನ್ ಮಾಡಿ ಕರೆಸತೊಡಗಿದರು. ಹೋದಾಗಲೆಲ್ಲ ಹೊಸ ಪ್ರಶ್ನೆಗಳು. ಜಾಮೀನು ಹಾಕಿದವರು ಸತ್ತರೆ ಏನು? ಅಲ್ಲಿ ದುಡಿಯಲಾಗದ ಮುದುಕರನ್ನು ಯಾರು ನೋಡುತ್ತಾರೆ? ಶಾಲೆಯ ಅಡುಗೆಮನೆಯಲ್ಲಿ ಅವಳು ಏನು ಬೇಯಿಸುತ್ತಾಳೆ, ಅನ್ನ ಇರುತ್ತದೋ? ನನಗೆ ಗೊತ್ತಿಲ್ಲದ್ದನ್ನು ಮರುದಿನ ಬೆಳಿಗ್ಗೆ ಹೆಂಡತಿಗೆ ಕೇಳಿ ಬಂದು ಹೇಳುತ್ತಿದ್ದೆ. ಮಗಳು ಇಷ್ಟು ವರ್ಷ ಅಲ್ಲಿದ್ದರೂ ಇದನ್ನೆಲ್ಲ ತಾವು ಅವಳಿಗೆ ಕೇಳಿಯೇ ಇರಲಿಲ್ಲವೆಂದು ಒಮ್ಮೆ ಅವರೇ ಅಂದರು. “ಆರಾಮ ಅದಿಯೇನು, ಆರಾಮ ಅದೀನಿ. ಅಲ್ಲಿಗಿ ಮಾತು ಮುಗೀತಿತ್ತು,” ಎಂದರು. ಈಗ ಮಗಳಿಗೂ ಫೋನ್ ಹಚ್ಚಿ ಕೇಳುತ್ತಿದ್ದಾರೆಂದು ಅವರ ಮಗ ನನಗೆ ನಗುತ್ತ ಹೇಳಿದ. ಜಾಮೀನಿಗೆ ಮಾತ್ರ ಸಾವುಕಾರರು ಹೂಂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಈ ನಡುವೆ ಹೆಂಡತಿಯ ಫೋನು ಕಡಿಮೆಯಾಯಿತು. ನಮ್ಮ ಬೆಳಗು ಅವಳ ಸಂಜೆ. ಆ ಹೊತ್ತಿಗೆ ತಪ್ಪದೆ ಮಾತಾಡುತ್ತಿದ್ದವಳು ಈಗ ಆಯಾಸ ಅನ್ನುವಳು, ಇಲ್ಲವೇ ಎತ್ತುತ್ತಲೇ ಇರಲಿಲ್ಲ. ನನಗೆ ಏನೇನೋ ಅನುಮಾನ. ಇಷ್ಟೆಲ್ಲ ರಗಳೆ ಯಾಕಾದರೂ ಬೇಕಿತ್ತು ಎಂದು ಅವಳಿಗೆ ಅನ್ನಿಸಿರಬಹುದು ಎಂದುಕೊಂಡೆ. ಒಂದು ದಿನ ವಿಡಿಯೊ ಕರೆ ಎತ್ತಿದಳು. ತಲೆಗೆ ಜಾಲರಿಯ ಟೋಪಿ, ಹಿಂದೆ ಗಿರಣಿಯಲ್ಲಿ ಇರುವಂಥ ಸದ್ದು.

“ಎಲ್ಲಿದ್ದಿ? ಸಾಲಿ ಸುಟಿ ಇಲ್ಲೇನು ಈಗ?”

“ಸುಟಿ ಅದ್ರಿ. ಇದು ಎರಡನೇ ಕೆಲಸ.”

ಮುದುಕರು ಇರುವ ಒಂದು ಆರೈಕೆ ಮನೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಶಾಲೆ ಇದ್ದಾಗ ಸಂಜೆ ಮಾತ್ರ, ರಜೆಯಲ್ಲಿ ಇಡೀ ದಿನ. ಸೇರಿ ತಿಂಗಳ ಮೇಲಾಗಿತ್ತು.

“ನನಗ ಯಾಕ ಹೇಳ್ಲಿಲ್ಲ?”

“ಹೇಳಿದ್ರ ಬ್ಯಾಡ ಅಂತಿದ್ರಿ.”

“ಅಂತಿದ್ದೆ.”

“ಅದಕ್ಕ ಹೇಳ್ಲಿಲ್ಲ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆಂದೂ ಗೊತ್ತಾಗಲಿಲ್ಲ. ನನ್ನನ್ನು ಸಾಕುವ ಯೋಗ್ಯತೆ ಇದೆ ಎಂದು ತೋರಿಸಲು ಅವಳು ಇನ್ನೊಬ್ಬರ ಹಾಸಿಗೆಯ ಬಟ್ಟೆ ಒಗೆಯಬೇಕೆ? ನಾನು ಬರುವುದೇ ಇಲ್ಲ, ಇದನ್ನೆಲ್ಲ ನಿಲ್ಲಿಸು ಎಂದುಬಿಟ್ಟೆ.

ಅವಳು ಫೋನನ್ನು ಯಾವುದಕ್ಕೋ ಒರಗಿಸಿಟ್ಟು ಕೈ ಒರೆಸಿಕೊಂಡಳು.

“ಬರೋದು ಬಿಡೋದು ನಿಮ್ಮ ಮರ್ಜಿ. ಆದ್ರ ಕೆಲಸ ಬಿಡು ಅನಬ್ಯಾಡ್ರಿ. ನನ್ನ ಗೆಳತಿ ಜಾಮೀನಿಗಿ ಹೂಂ ಅಂದ್ಲು, ಖರೆ. ದೊಡ್ಡ ಮನಸ್ಸು ಆಕಿದು. ಆದ್ರ ನಾಳಿ ದೀಪಾವಳಿಗಿ ಆಕಿ ಫೋನ್ ಮಾಡಿದ್ರ ನಾ ಗೆಳತಿ ಹಂಗ ಮಾತಾಡ್ಲೋ, ಹಂಗಿನಾಕಿ ಹಂಗ ಮಾತಾಡ್ಲೋ? ಮತ್ತ ಇದೆಲ್ಲಾ ನಿಮಗಷ್ಟೇ ಅಂತ ತಿಳ್ಕೋಬ್ಯಾಡ್ರಿ. ಇಲ್ಲಿ ನಾಕು ಮಂದಿ ಹೆಂಗಸರಿದ್ದೀವಿ, ನಗ್ತೀವಿ. ಮನ್ಯಾಗ ಒಬ್ಬಾಕಿ ಕುಂತ್ರ ಗ್ವಾಡಿ ನೋಡಬೇಕು.”

ಸಿಟ್ಟು ಹಾಗೇ ಇದ್ದರೂ ಕುತೂಹಲ ತಡೆಯಲಾಗಲಿಲ್ಲ. “ಎಷ್ಟು ದೊಡ್ಡದದ ಮಷೀನ್?” ಎಂದೆ.

ಅವಳು ಜೋರಾಗಿ ನಕ್ಕು ಫೋನು ತಿರುಗಿಸಿದಳು. ಮನುಷ್ಯ ಬಗ್ಗಿ ಒಳಹೋಗುವಷ್ಟು ಅಗಲ ಬಾಯಿಯ ಯಂತ್ರಗಳು, ಚೌಕಾಕಾರವಾಗಿ ಮಡಚಿದ ಬಿಳಿ ಹಾಸುಗಳ ಗುಡ್ಡೆ. ದಪ್ಪಗಿನ ಹೆಂಗಸೊಬ್ಬಳು ನನಗೆ ಕೈ ಬೀಸಿದಳು. ನಾನೂ ಬೀಸಿದೆ. ಬರುವುದಿಲ್ಲ ಎಂಬ ಮಾತು ಅಲ್ಲಿಗೆ ತಾನಾಗಿ ಬಿದ್ದುಹೋಯಿತು.

ಎರಡೂ ಕೆಲಸದವರಿಂದ ಪತ್ರ, ಹೊಸ ಸಂಬಳದ ಚೀಟಿಗಳು, ನನ್ನ ಪಿಂಚಣಿಯ ದಾಖಲೆ, ಎಲ್ಲವನ್ನೂ ಮತ್ತೆ ಕಳಿಸಿದೆವು. ಹಳೆಯ ವರ್ಷದ ತೆರಿಗೆಗಿಂತ ಈಗಿನ ಆದಾಯವನ್ನೇ ಹೆಚ್ಚಾಗಿ ನೋಡುತ್ತಾರೆಂದು ಅವಳು ತಿಳಿದುಕೊಂಡಿದ್ದಳು. ಅದು ಸರಿಯಾಗಿತ್ತು. ಕೆಲವು ವಾರಗಳ ನಂತರ, ಕಾಗದಗಳು ಪೂರ್ಣವಾಗಿವೆ, ಸಂದರ್ಶನಕ್ಕೆ ಕಾಯಿರಿ ಎಂಬ ಉತ್ತರ ಬಂತು. ಆನ್‌ಲೈನ್ ಅಂಗಡಿಯವ ಅದನ್ನು ಎರಡು ಸಲ ಓದಿ, “ಸಾಲ್ತದಂತ್ರಿ ಡಾಕ್ಟ್ರೇ!” ಎಂದು ಕೂಗಿದ.

ಸಾವುಕಾರರಿಗೆ ನಾನೇ ಹೋಗಿ ಹೇಳಬೇಕೆಂದು ಬಸವಕಲ್ಯಾಣದ ಬಸ್ಸು ಹತ್ತಿದೆ. ಅಂಗಡಿ ಮೆಟ್ಟಿಲು ಹತ್ತುವಾಗಲೇ ಅವರು, “ಬರ್ರಿ ಬರ್ರಿ, ನಾನೇ ಫೋನ್ ಮಾಡಸಾಕತ್ತಿದ್ದೆ,” ಎಂದರು. ಮುಂದೆ ಪೇಡೆಯ ಡಬ್ಬಿ ತೆರೆದಿಟ್ಟಿದ್ದರು. “ಮಗಳಿಗಿ ಹೂಂ ಅಂದೀನಿ. ಸಹಿ ಹಾಕ್ತಾಳ. ಬಾಯಿ ಸಿಹಿ ಮಾಡ್ಕೊಳ್ರಿ.”

ಪೇಡೆ ಕೈಯಲ್ಲಿ ಹಿಡಿದುಕೊಂಡೇ ನಾನು ವಿಷಯ ಹೇಳಿದೆ. ಅವರ ಮುಖ ಸಣ್ಣದಾಯಿತು.

“ಏನ್ರೀ ಡಾಕ್ಟ್ರೇ, ನಾ ಹೂಂ ಅನ್ನಾಕ ಕುಂತೀನಿ, ನೀವು ಬ್ಯಾಡ ಅನ್ನಾಕ ಬಂದೀರಿ! ಇಷ್ಟು ದಿನ ನನ್ನ ತಲಿ ತಿಂದ್ರಿ.”

“ಸಿಟ್ಟಾಗಬ್ಯಾಡ್ರಿ. ಆಕಿ ಕೆಲಸ ಹಿಡಿದಿದ್ದು ನನಗೂ ತಡವಾಗಿ ಗೊತ್ತಾತ್ರಿ.”

“ಆಕಿಗಿ ಫೋನ್ ಹಚ್ಚರಿ.”

ಅಲ್ಲಿ ಮಲಗುವ ಹೊತ್ತು. ಸಂಜೆಯ ತನಕ ಕಾಯಬೇಕು ಎಂದೆ. ಅವರು ಕಾಯುತ್ತೇನೆ ಎಂದರು. ಮಧ್ಯಾಹ್ನ ಅವರ ಮನೆಯಲ್ಲೇ ಉಂಡೆ. ಸೊಸೆಯಂದಿರು ಬಡಿಸುತ್ತ ಬಾಯಿ ಮುಚ್ಚಿ ನಗುತ್ತಿದ್ದರು. ಸಂಜೆ ಅಂಗಡಿಯ ಗಾದಿಯ ಮೇಲೆ ಕುಳಿತು ಕರೆ ಮಾಡಿದೆ. ಶಾಲೆಗೆ ಹೊರಟಿದ್ದ ಹೆಂಡತಿ ಸಾವುಕಾರರನ್ನು ಕಂಡು ತಲೆಯ ಮೇಲೆ ಇಲ್ಲದ ಸೆರಗು ಎಳೆದುಕೊಳ್ಳುವಂತೆ ಕೈ ಎತ್ತಿದಳು.

“ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ.”

“ತಿಳ್ಕೊಂಡೀನವ್ವ. ತಿಳ್ಕೊಂಡಾದ ಮ್ಯಾಲ ಫೋನ್ ಮಾಡೀನಿ,” ಎಂದರು. ಆಮೇಲೆ ಏನೋ ನೆನಪಾಗಿ, “ಸಣ್ಣಾಕಿ ಇದ್ದಾಗ ಉಧಾರ್ ರಿಬ್ಬನ್ ಕೊಟ್ರೂ ಒಯ್ತಿರಲಿಲ್ಲ ನೀ. ನಮ್ಮಾಕಿ ಇಬ್ಬರಿಗೂ ಕೂಡಿ ಒಂದೇ ಬಣ್ಣದ್ದು ಬೇಕಂತ ಅಳ್ತಿದ್ಲು. ಬ್ಯಾಡಂದ್ರ ಬ್ಯಾಡವ್ವ. ಆದ್ರ ಆಕಿಗಿ ನೀನೇ ಹೇಳು. ನಾ ಹೇಳಿದ್ರ, ನಾನೇ ಬ್ಯಾಡ ಅಂದೀನಂತ ತಿಳೀತಾಳ,” ಎಂದರು.

ಅವಳು ಅದೇ ದಿನ ಗೆಳತಿಗೆ ಹೇಳಿದಳು. ಏನು ಮಾತಾಯಿತೋ ನನಗೆ ಹೇಳಲಿಲ್ಲ. ಬಹಳ ಹೊತ್ತು ಮಾತಾಡಿದೆವು, ಅತ್ತೆವು ಎಂದಷ್ಟೇ ಅಂದಳು. ಯಾಕೆ ಅತ್ತಿರಿ ಎಂದು ಕೇಳಿದರೆ, “ಎಲ್ಲಾ ಕೇಳಬಾರದ್ರಿ,” ಎಂದಳು.

ಸಂದರ್ಶನ ಮುಂಬಯಿಯಲ್ಲಿ. ಯಾವ ಭಾಷೆ ಎಂದಾಗ ಮರಾಠಿ ಎಂದೆ. ನಮ್ಮ ಗಡಿಯಲ್ಲಿ ಮರಾಠಿ ಯಾರಿಗೆ ಬಾರದು? ಗಾಜಿನ ಆಚೆ ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿ, ಪಕ್ಕದಲ್ಲಿ ದುಭಾಷಿ. ನಾನು ಸಂಬಳದ ಚೀಟಿಗಳ ಪ್ರಶ್ನೆಗೆಂದು ತಯಾರಾಗಿ, ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಅವರು ಆ ಹಾಳೆಗಳನ್ನು ಒಮ್ಮೆ ಮಗುಚಿ ಬದಿಗಿಟ್ಟು, ನಿಮ್ಮಿಬ್ಬರ ಪರಿಚಯ ಹೇಗಾಯಿತು ಎಂದು ಕೇಳಿದರು. ಎಮ್ಮೆಯ ಕತೆ ಹೇಳಿದೆ. ದುಭಾಷಿ ನಡುವೆ ನನ್ನನ್ನು ನಿಲ್ಲಿಸಿ, “ಸೀರೆ ಉಟ್ಟದ್ದು ಯಾರು, ಅವರೋ ಎಮ್ಮೆಯೋ?” ಎಂದು ಕೇಳಿದ. ನಾನು ತಿದ್ದಿದೆ. ಅವನು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ಕೆಳತುಟಿ ಕಚ್ಚಿ ನಗು ತಡೆದುಕೊಂಡು, ಎಮ್ಮೆ ಈಗ ಎಲ್ಲಿದೆ ಎಂದರು. ನನ್ನ ಅಣ್ಣನ ಹಟ್ಟಿಯಲ್ಲಿದೆ, ಅತ್ತಿಗೆಗೆ ಹೊಂದಿಕೊಂಡಿದೆ ಎಂದೆ. ಅಷ್ಟೇ. ವೀಸಾ ಆಯಿತು. ಅಷ್ಟು ದಿನ ನಮ್ಮನ್ನು ಕುಣಿಸಿದ ಹಣದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ಹೊರಗೆ ಬಂದು ಬಿಸಿಲಿನಲ್ಲಿ ನಿಂತಾಗ ನನಗೆ ಸಂತೋಷದ ಜೊತೆಗೆ ಏನೋ ಒಂದು ಬಗೆಯ ನಿರಾಸೆಯೂ ಆಯಿತು. ಉತ್ತರ ಬಾಯಿಪಾಠ ಮಾಡಿದವನಿಗೆ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಾರದಿದ್ದರೆ ಆಗುವಂಥದು.

ಹೊರಡುವ ದಿನ ಅಣ್ಣ ಹುಮನಾಬಾದಿಗೆ ಬಂದಿದ್ದ. ಹೈದರಾಬಾದಿನ ಬಸ್ಸಿಗೆ ನಿಂತಾಗ, “ಅಲ್ಲಿ ಏನ್ ಮಾಡ್ತಿ?” ಎಂದ. ಗೊತ್ತಿಲ್ಲ, ನೋಡಬೇಕು ಎಂದೆ. “ನೋಡೋದ್ರಾಗ ನೀ ಸಣ್ಣವಿದ್ದಾಗಿಂದ ಹುಷಾರ್,” ಎಂದು ನನ್ನ ಚೀಲವನ್ನು ಮೇಲೆ ಎತ್ತಿಕೊಟ್ಟ.

ಇಲ್ಲಿ ಈಗ ನಾನು ದಿಕ್ಕಿಲ್ಲದ ನಾಯಿ ಬೆಕ್ಕುಗಳನ್ನು ಇಟ್ಟುಕೊಳ್ಳುವ ಒಂದು ಕಡೆ ಕೆಲಸಕ್ಕಿದ್ದೇನೆ. ಗೂಡು ತೊಳೆಯುವುದು, ಅನ್ನ ಹಾಕುವುದು. ಸೂಜಿ ಹಿಡಿಯಲು ನನಗೆ ಇಲ್ಲಿ ಪರವಾನಗಿ ಇಲ್ಲ. ಆದರೆ ನಾಯಿಗೆ ಏನಾಗಿದೆ ಎಂದು ದೂರದಿಂದ ನೋಡಿ ಅಂದಾಜು ಮಾಡುವುದಕ್ಕೆ ಪರವಾನಗಿ ಬೇಕಿಲ್ಲ. ಹೆಂಡತಿ ಬಟ್ಟೆಯ ಕೆಲಸವನ್ನು ವಾರಕ್ಕೆರಡು ಸಂಜೆಗೆ ಇಳಿಸಿದ್ದಾಳೆ. ಪೂರ್ತಿ ಬಿಡು ಎಂದು ನಾನು ಹೇಳಿಲ್ಲ. ಅವಳಿಗೆ ಬಿಡುವ ಮನಸ್ಸೂ ಇಲ್ಲ. ಉಳಿದ ಸಂಜೆ ಇಬ್ಬರೂ ಕಿಟಕಿಯ ಬಳಿ ಕೂರುತ್ತೇವೆ.

ಮೊನ್ನೆ ರಜೆಯಲ್ಲಿ ಅವಳ ಗೆಳತಿ ಕಾರು ಓಡಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಎಷ್ಟು ದಪ್ಪ ಆಗೀದಿ, ನೀ ಏನ್ ಕಮ್ಮಿ ಎಂದು ಶುರು ಮಾಡಿದವರು ರೊಟ್ಟಿ ಬಡಿದು ಮುಗಿಯುವ ತನಕ ನಿಲ್ಲಿಸಲಿಲ್ಲ. ಉಂಡಾದ ಮೇಲೆ ಅಪ್ಪನಿಗೆ ವಿಡಿಯೊ ಕರೆ ಹಚ್ಚಿದಳು. ಬಸವಕಲ್ಯಾಣದಲ್ಲಿ ಆಗಷ್ಟೇ ಅಂಗಡಿ ತೆರೆದಿತ್ತು. ಸಾವುಕಾರರು ಮಗಳನ್ನು ನೋಡಿದರು, ನನ್ನ ಹೆಂಡತಿಯನ್ನು ನೋಡಿದರು, ನನ್ನ ಬಿ.ಪಿ. ಕೇಳಿದರು. ಆಮೇಲೆ ನಮ್ಮ ಹಿಂದಿದ್ದ ದೊಡ್ಡ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು.

“ಡಾಕ್ಟ್ರೇ, ಆ ಫ್ರಿಜ್ ತಗದು ತೋರಸ್ರಿ. ಒಳಗ ಏನೇನದ ನೋಡಮು.”

ತೆರೆದೆ. ಹಾಲು, ಮೊಸರು, ಉಳಿದ ಸಾರು, ಒಂದು ಕಟ್ಟು ಸೊಪ್ಪು.

“ಆ ಹಸರಂದು ಏನು? ಮೆಂತಿನೋ, ಪಾಲಕೋ?”

“ಪಾಲಕ್ ಕಾಕಾ,” ಎಂದಳು ನನ್ನ ಹೆಂಡತಿ.

“ತಗದು ಹತ್ರ ಹಿಡಿಯವ್ವ.”

ಅವಳು ಕಟ್ಟು ಬಿಚ್ಚಿ ಒಂದು ಎಲೆಯನ್ನು ಫೋನಿನ ಮುಂದೆ ಹಿಡಿದಳು. ಸಾವುಕಾರರು ಕನ್ನಡಕ ಏರಿಸಿ, ಮುಖವನ್ನು ಪರದೆ ತುಂಬುವಷ್ಟು ಹತ್ತಿರ ತಂದು ನೋಡಿದರು.

“ಎಲಿ ಭಾಳ ದೊಡ್ಡದದ,” ಎಂದರು. “ನೀರು ಹೆಚ್ಚಾಗ್ಯಾದ. ರುಚಿ ಹ್ಯಾಂಗದ?”